‘ಕಾಲೊನಿ’ ಶಬ್ದದ ಎರಡು ಗತಿಗಳು

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಆಂಧ್ರಪ್ರದೇಶ ಗೃಹನಿರ್ಮಾಣ ಮಂಡಳಿಯು ನಿರ್ಮಿಸಿದ ವಿಸ್ತಾರವಾದ ಬಡಾವಣೆಗೆ ‘ಕೆ.ಪಿ.ಎಚ್.ಬಿ. ಕಾಲೊನಿ’ ಎಂದು ಹೆಸರು. 2017ರಲ್ಲಿ ಆರಂಭವಾದ ಮೆಟ್ರೊ ರೈಲಿನ ಒಂದು ನಿಲ್ದಾಣಕ್ಕೂ ಅದೇ ನಾಮಧೇಯ. ಇಲ್ಲಿ ಮನೆಯುಳ್ಳವನು ತನ್ನ ವಿಳಾಸವನ್ನು ಅಳುಕಿಲ್ಲದೆ ಬರೆಯುತ್ತಾನೆ. ಕನ್ನಡನಾಡಿನ ಅನೇಕ ಹಳ್ಳಿಗಳಲ್ಲಾದರೋ ‘ಕಾಲೊನಿಯವನು’ ಎಂದರೆ ಸಾಕು, ಕೇಳಿದವರಿಗೆ ಅವನ ಜಾತಿ ತಿಳಿದುಹೋಗುತ್ತದೆ. ಒಂದೇ ಆಂಗ್ಲ ಶಬ್ದಕ್ಕೆ ಈ ಎರಡು ಗತಿಗಳು ಒದಗಿದ ಬಗೆಯು ವಿಚಾರಾರ್ಹವಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಕೊಲೊನಸ್’ ಎಂದರೆ ಬೇಸಾಯಗಾರ. ಅವನು ನೆಲೆಸಿದ ಸ್ಥಳ ‘ಕೊಲೊನಿಯ’. ರೋಮನರು ತಾವು ಗೆದ್ದ ನಾಡುಗಳಲ್ಲಿ ನಿವೃತ್ತ ಯೋಧರಿಗೆ ಭೂಮಿಯನ್ನಿತ್ತು ನೆಲೆಗೊಳಿಸಿದ ಊರುಗಳಿಗೆ ಈ ಹೆಸರು ಸಂದಿತು. ಕ್ರಿ.ಶ. 50ರಲ್ಲಿ ಆ ಪದವಿಯನ್ನು ಪಡೆದ ಜರ್ಮನಿಯ ಕಲೋನ್ ನಗರವು ಇಂದಿಗೂ ಆ ಶಬ್ದವನ್ನೇ ಹೆಸರಾಗಿ ಧರಿಸಿದೆ. ಮುಂದೆ ಐರೋಪ್ಯರು ಕಡಲಾಚೆ ಆಳಿದ ದೇಶಗಳೂ ಕಾಲೊನಿಗಳಾದುವು. ಈ ಅರ್ಥಕ್ಕೆ ಕನ್ನಡವು ‘ವಸಾಹತು’ ಎಂಬ ಮಾತನ್ನು ರೂಢಿಸಿಕೊಂಡಿತು. ಆದರೂ ಕಾರ್ಖಾನೆಗಳ ನೆಲೆಯು ನಮ್ಮಲ್ಲಿ ‘ಕೈಗಾರಿಕಾ ವಸಾಹತು’ವೇ ಆಗಿದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಗೆ, 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ತರುವಾಯ, ಕರಾವಳಿ ಆಂಧ್ರದ ರೈತರು ಬಂದು ನೆಲವನ್ನು ಕೊಂಡು ಭತ್ತ ಬೆಳೆದರು. ಮೂಲಾರ್ಥದಲ್ಲಿ ಇವರೇ ನಿಜವಾದ ಕೊಲೊನಸರು. ಆದರೆ ಸಿಂಧನೂರು, ಗಂಗಾವತಿಗಳ ಜನರು ಆ ಊರುಗಳನ್ನು ಕರೆದುದು ‘ಕ್ಯಾಂಪ್’ ಎಂದು. ಅದೇ ಕರಾವಳಿಯಿಂದ ಕೂಕಟ್‌ಪಲ್ಲಿಗೆ ಬಂದ ಕುಟುಂಬಗಳು ಕಾಲೊನಿವಾಸಿಗಳಾದುವು.

ಇನ್ನು ಹಳ್ಳಿಯ ಮಾತು. ದಲಿತರಿಗಾಗಿ ಸರ್ಕಾರವು ಕಟ್ಟಿಸಿದ ಮನೆಗಳಿಗೆ ಬಂದ ಈ ಹೊಸ ಹೆಸರು ಕೇರಿಯ ಹಳೆಯ ಹೆಸರನ್ನು ಮರೆಸಬೇಕಾಗಿದ್ದಿತು. ಹಾಗಾಗಲಿಲ್ಲ. ಮನೆಗಳು ಊರ ಹೊರಗೇ ಎದ್ದುವು. ಕೇರಿಗಿದ್ದ ಕಳಂಕವು ಶಬ್ದಕ್ಕೆ ಅಂಟಿತು. ಕನ್ನಡಿಗರ ಕಾಸರಗೋಡನ್ನೊಳಗೊಂಡ ಕೇರಳದಲ್ಲಿ ಸರ್ಕಾರವು 2024ರ ಜೂನ್ ತಿಂಗಳಲ್ಲಿ ಪರಿಶಿಷ್ಟರ ನೆಲೆಗಳಿಗೆ ಈ ಶಬ್ದವನ್ನು ಬಳಸಕೂಡದೆಂದು ಆಜ್ಞೆ ಮಾಡಿ, ‘ನಗರ’, ‘ಉನ್ನತಿ’, ‘ಪ್ರಕೃತಿ’ ಎಂಬ ಹೆಸರುಗಳನ್ನು ಸೂಚಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರವೂ ತನ್ನ ದಾಖಲೆಗಳಿಂದ ಅದನ್ನು ತೆಗೆಯುವುದಾಗಿ ಪ್ರಕಟಿಸಿತು.

ಈ ಕ್ರಮಗಳು ಉಚಿತವೇ ಸರಿ. ಅಪಮಾನವನ್ನು ಉಂಡವರಿಗೆ ಹೆಸರೂ ಸಣ್ಣ ವಿಷಯವಲ್ಲ. ಆದರೆ ಕೂಕಟ್‌ಪಲ್ಲಿಯಲ್ಲಿ ಗೌರವ ಪಡೆದ ಶಬ್ದವೇ ಹಳ್ಳಿಯಲ್ಲಿ ಹೀನಾಯವಾಯಿತೆಂದ ಮೇಲೆ, ದೋಷವು ಶಬ್ದದಲ್ಲಿಲ್ಲವೆಂಬುದು ಸ್ಪಷ್ಟ. ‘ಉನ್ನತಿ’ಯ ಫಲಕವೂ ಊರ ಹೊರಗೇ ನಿಂತರೆ, ಇನ್ನೊಂದು ತಲೆಮಾರಿನಲ್ಲಿ ಅದಕ್ಕೂ ಕಾಲೊನಿಯ ಗತಿಯೇ ಬಂದೀತು.