ಕಾರ್ಯತಂತ್ರ ಯೋಜನೆ, ಸರ್ಕಾರಿ ಸಾರಿಗೆಯಲ್ಲಿ: ಕೊಪ್ಪಳ ಸೀಮೆ

ಉದ್ಯಮವೊಂದು ಮುಂದಿನ ಹಲವು ವರ್ಷಗಳ ಗುರಿಯನ್ನೂ ಅದಕ್ಕೆ ಬೇಕಾಗುವ ಹಣ, ಯಂತ್ರ, ಜನಬಲಗಳನ್ನೂ ಮೊದಲೇ ನಿಶ್ಚಯಿಸಿಕೊಳ್ಳುವ ಕ್ರಮಕ್ಕೆ ಕಾರ್ಯತಂತ್ರ ಯೋಜನೆಯೆಂದು ಹೆಸರು. ಖಾಸಗಿ ಉದ್ಯಮದಲ್ಲಿ ಗುರಿಯಿಡುವವರೂ ಫಲವುಣ್ಣುವವರೂ ಒಬ್ಬರೇ. ಸರ್ಕಾರಿ ಉದ್ಯಮದಲ್ಲಾದರೋ ಗುರಿಯನ್ನು ಕಾನೂನು ವಿಧಿಸುತ್ತದೆ, ದರವನ್ನು ಸರ್ಕಾರ ಕಟ್ಟುತ್ತದೆ, ನಷ್ಟದ ನಿಂದೆ ಮಾತ್ರ ಉದ್ಯಮದ ಪಾಲಿಗೆ ಉಳಿಯುತ್ತದೆ. ಫ್ರಾನ್ಸಿನಲ್ಲಿ 1967ರ ನೋರಾ ವರದಿಯೂ ಭಾರತದಲ್ಲಿ 1984ರ ಅರ್ಜುನ್ ಸೇನ್‌ಗುಪ್ತ ಸಮಿತಿಯೂ ಈ ತೊಡಕಿಗೆ ಸರ್ಕಾರಕ್ಕೂ ಉದ್ಯಮಕ್ಕೂ ನಡುವಣ ಲಿಖಿತ ಒಪ್ಪಂದವನ್ನು ಪರಿಹಾರವಾಗಿ ಸೂಚಿಸಿದುವು.

ಇತಿಹಾಸ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುವು, ಇವುಗಳಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಾಗೀರು. ಆ ಸಂಸ್ಥಾನದಲ್ಲಿ 1932ರ ಜೂನ್ ತಿಂಗಳಲ್ಲಿ, 27 ಬಸ್ಸುಗಳೊಡನೆಯೂ 166 ಸಿಬ್ಬಂದಿಯೊಡನೆಯೂ, ನಿಜಾಮ ರೈಲ್ವೆಯ ಅಂಗವಾಗಿಯೇ ಸರ್ಕಾರಿ ಮೋಟಾರು ಸಾರಿಗೆ ಆರಂಭವಾಯಿತು. ರೈಲಿಗೂ ಬಸ್ಸಿಗೂ ಒಡೆತನ ಒಂದೇ ಆದುದರಿಂದ ಒಂದು ಇನ್ನೊಂದರ ಗಿರಾಕಿಯನ್ನು ಕಸಿಯದಂತೆ ಹಾದಿಗಳನ್ನು ಹೊಂದಿಸಲು ಅವಕಾಶವಿದ್ದಿತು. ಕಾರ್ಯತಂತ್ರ ಯೋಜನೆಯೆಂಬ ಹೆಸರು ಹುಟ್ಟುವುದಕ್ಕೆ ಮುಂಚೆಯೇ ಇದು ಕಾರ್ಯತಂತ್ರವಾಗಿದ್ದಿತೆನ್ನಬಹುದು. ಮೈಸೂರಿನ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಹುಟ್ಟಿದ್ದು 1948ರ ಸೆಪ್ಟೆಂಬರ್ 12ರಂದು. 1956ರಲ್ಲಿ ಈ ಸೀಮೆಯನ್ನೊಳಗೊಂಡ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು, 1961ರಲ್ಲಿ ಆ ಸಾರಿಗೆ ಇಲಾಖೆ ನಿಗಮವಾಯಿತು, 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು, 2000ದ ಆಗಸ್ಟ್ 15ರಂದು ಕಲಬುರಗಿಯನ್ನು ಕೇಂದ್ರವಾಗುಳ್ಳ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಸ್ಥಾಪಿತವಾಯಿತು.

ಕಾನೂನು: 1950ರ ರಸ್ತೆ ಸಾರಿಗೆ ನಿಗಮಗಳ ಅಧಿನಿಯಮದ 18ನೆಯ ಪ್ರಕರಣ ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಆದ ಸೇವೆಯನ್ನು ಬಯಸುತ್ತದೆ, 22ನೆಯದು ವ್ಯಾಪಾರಿ ತತ್ತ್ವದಂತೆ ನಡೆಯೆನ್ನುತ್ತದೆ, 34ನೆಯದು ಸರ್ಕಾರದ ನಿರ್ದೇಶಗಳಿಗೆ ಬಾಗಿಲು ತೆರೆಯುತ್ತದೆ. ಈ ಮೂರನ್ನೂ ಒಂದೇ ಯೋಜನೆಯಲ್ಲಿ ಕೂಡಿಸುವುದು ಸುಲಭವಲ್ಲ.

ಕಾರ್ಯಸಾಧನೆ: ಸಾರಿಗೆಯ ಸಾಧನೆಯನ್ನು ಒಂದು ಬಸ್ಸು ದಿನಕ್ಕೆ ಓಡಿದ ಕಿಲೋಮೀಟರು, ಕಿಲೋಮೀಟರಿಗೆ ಬಂದ ಆದಾಯ, ಲೀಟರು ಡೀಸೆಲ್ಲಿಗೆ ಸಾಗಿದ ದೂರ ಇವುಗಳಿಂದ ಅಳೆಯುವುದು ವಾಡಿಕೆ. ಈ ಅಳತೆಯ ಸೋಲನ್ನು ಕಾಣಲು ವಸ್ತಿ ಬಸ್ಸೊಂದನ್ನು ನೋಡಿದರೆ ಸಾಕು. ಸಂಜೆ ತಾಲೂಕು ಪಟ್ಟಣವನ್ನು ಬಿಟ್ಟ ಬಸ್ಸು ಕಡೆಯ ಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಬಹುಮಟ್ಟಿಗೆ ಬರಿದಾಗಿರುತ್ತದೆ. ಚಾಲಕನೂ ನಿರ್ವಾಹಕನೂ ಅಲ್ಲಿಯೇ ಮಲಗಿ, ನಸುಕಿನಲ್ಲಿ ಕಾಲೇಜಿನ ಹುಡುಗರನ್ನೂ ಆಸ್ಪತ್ರೆಯ ರೋಗಿಗಳನ್ನೂ ತುಂಬಿಕೊಂಡು ಹೊರಡುತ್ತಾರೆ. ಸಂಜೆಯ ಟ್ರಿಪ್ಪಿನ ಆದಾಯವನ್ನು ಮಾತ್ರ ಎಣಿಸಿ ಆ ಟ್ರಿಪ್ಪನ್ನು ಕಡಿದರೆ ಮುಂಜಾನೆಯ ಬಸ್ಸು ಡಿಪೋದಿಂದ ಖಾಲಿಯೇ ಓಡಿ ಬರಬೇಕು, ಇಲ್ಲವೆ ನಿಲ್ಲಬೇಕು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಸೀಮೆಗೂ ಕುಷ್ಟಗಿ, ಯಲಬುರ್ಗಾಗಳ ಬೆದ್ದಲಿಗೂ ಒಂದೇ ಅಳತೆಗೋಲು ಸಲ್ಲದು. ಹುಲಿಗಿಯ ಹುಣ್ಣಿಮೆಯ, ಕೊಪ್ಪಳದ ಗವಿಮಠದ ಜಾತ್ರೆಯ ದಟ್ಟಣೆಯನ್ನು ಪಂಚಾಂಗವೇ ಹೇಳೀತು. ಬೆಂಗಳೂರು, ಮಂಗಳೂರುಗಳಿಗೆ ಗುಳೆ ಹೋಗುವವರ ದಟ್ಟಣೆಯನ್ನು ಹೇಳುವುದು ಮಳೆ. ಡಿಪೋದ ಅನುಭವ ಮೇಲಕ್ಕೇರದ ಯೋಜನೆ ಇದನ್ನು ಗ್ರಹಿಸಲಾರದು.

ದರ: 2020ರ ಫೆಬ್ರವರಿಯಲ್ಲಿ ಏರಿದ ಪ್ರಯಾಣದರ ಮತ್ತೆ, ಶೇ. 15ರಷ್ಟು, ಏರಿದ್ದು 2025ರ ಜನವರಿ 5ರಂದು. ನಡುವೆ ಡೀಸೆಲ್ಲಿನ ಬೆಲೆ ಕಾದು ಕುಳಿತಿರಲಿಲ್ಲ. ಆದುದರಿಂದ ಆ ಅವಧಿಯ ನಷ್ಟವನ್ನೆಲ್ಲ ಯೋಜನೆಯ ದೋಷವೆನ್ನುವುದು ನ್ಯಾಯವಾಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ನಿರ್ವಾಹಕನು ಅವರಿಗೆ ಕೊಡುವ ಶೂನ್ಯ ಟಿಕೆಟ್ಟೇ ನಿಗಮವು ಸರ್ಕಾರದಿಂದ ಹಣ ಕೇಳುವುದಕ್ಕೆ ಆಧಾರ.