ಕಾಲಖಂಡಪರೀಕ್ಷೆ: ಔಷಧಪಾಕದಿಂದ ಯಕೃದ್ಬಲದ ಅನುಮಾನ

ಯಕೃತ್ತಿಗೆ ಕಾಲಖಂಡವೆಂಬ ಪರ್ಯಾಯನಾಮವುಂಟೆಂಬುದು ಅಮರಕೋಶವನ್ನೋದಿದವರಿಗೆಲ್ಲ ವಿದಿತವೇ ಆಗಿದೆ. ಕಪ್ಪಾದ ಖಂಡವೆಂದು ಅದರ ಅರ್ಥ. ಈ ಅಂಗವು ಗಂಟುಗಂಟಾಗಿ ಗಡುಸಾಗುವ ರೋಗಕ್ಕೆ ಫ್ರಾನ್ಸಿನ ವೈದ್ಯರಾದ ಲೆನೆಕ್ ಎಂಬವರು 1819ರಲ್ಲಿ ಸಿರೋಸಿಸ್ ಎಂದು ಹೆಸರಿಟ್ಟರು. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಪಿಂಗಲವರ್ಣವೆಂದರ್ಥ. ಎರಡು ಹೆಸರುಗಳೂ ರೂಪವನ್ನು ನೋಡಿ ಬಂದವು. ರಸವು ಯಕೃತ್ಪ್ಲೀಹಗಳನ್ನು ಸೇರಿ ಕೆಂಪಾಗುವುದೆಂದು ಹೇಳಿದ ಸುಶ್ರುತಸಂಹಿತೆಯು ಈ ಅಂಗಕ್ಕೆ ಕರ್ಮವನ್ನೂ ನಿರ್ದೇಶಿಸಿತು. ಆದರೆ ರೋಗಿಯ ಯಕೃತ್ತಿನಲ್ಲಿ ಕರ್ಮಶಕ್ತಿಯು ಎಷ್ಟು ಉಳಿದಿದೆಯೆಂದು ಅಳೆಯುವ ಉಪಾಯವು ಬಹುಕಾಲಾನಂತರ ದೊರೆಯಿತು. ಶರೀರದಲ್ಲಿ ಔಷಧವು ಮಾರ್ಪಡುವ ಕ್ರಮವೇ, ಎಂದರೆ ಔಷಧಪಾಕವೇ, ಆ ಉಪಾಯಗಳಲ್ಲೊಂದು.

ಸಾಂಬ್ರಾಣಿಯಲ್ಲಿ ಬೆಂಜೋಯಿಕ್ ಆಮ್ಲವೆಂಬ ದ್ರವ್ಯವಿರುವುದು. 1842ರಲ್ಲಿ ಜರ್ಮನಿಯ ಕೆಲ್ಲರ್ ಎಂಬವರು ಈ ಆಮ್ಲವನ್ನು ತಾವೇ ಸೇವಿಸಿ, ಅದು ಹಿಪ್ಪೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಡುವುದನ್ನು ತೋರಿಸಿದರು. ಗ್ರೀಕಿನಲ್ಲಿ ಹಿಪ್ಪೋಸ್ ಎಂದರೆ ಅಶ್ವ. ಕುದುರೆಯ ಮೂತ್ರದಿಂದ ತೆಗೆದುದಾದ್ದರಿಂದ ಈ ಹೆಸರು. ಮನುಷ್ಯರಲ್ಲಿ ಈ ಮಾರ್ಪಾಡು ಮುಖ್ಯವಾಗಿ ಯಕೃತ್ತಿನಲ್ಲಿ ನಡೆಯುವುದು. ಇದನ್ನಾಶ್ರಯಿಸಿ ಅಮೆರಿಕಾದ ಆರ್ಮಂಡ್ ಕ್ವಿಕ್ ಎಂಬವರು 1933ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ರೋಗಿಗೆ ಸುಮಾರು 6 ಗ್ರಾಂ ಸೋಡಿಯಂ ಬೆಂಜೋಯೇಟನ್ನು ಕುಡಿಸಿ, 4 ಗಂಟೆಗಳ ಮೂತ್ರದಲ್ಲಿ ಹಿಪ್ಪೂರಿಕ್ ಆಮ್ಲವನ್ನು ಅಳೆಯುವುದು. ಅದು ಕಡಮೆಯಾದರೆ ಯಕೃತ್ತು ದುರ್ಬಲವೆಂದು ತಿಳಿಯುವುದು.

ನದಿಯ ಪ್ರವಾಹವನ್ನು ಕಂಡು ಮೇಲೆ ಮಳೆಯಾಯಿತೆಂದು ಊಹಿಸುವ ಶೇಷವದನುಮಾನಕ್ಕೂ ಇದಕ್ಕೂ ಭೇದವಿಲ್ಲ. ಅಡ್ಡಕಟ್ಟಿನಿಂದಲೂ ನದಿಯು ಉಬ್ಬಬಹುದಷ್ಟೆ ಎಂಬ ಆಕ್ಷೇಪವು ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ಆ ಆಕ್ಷೇಪವು ಇಲ್ಲಿಯೂ ಸಲ್ಲುವುದು: ಮೂತ್ರಪಿಂಡವು ಕೆಟ್ಟಿದ್ದರೆ, ಯಕೃತ್ತು ಸ್ವಸ್ಥವಾಗಿದ್ದರೂ ಆಮ್ಲವು ಸರಿಯಾಗಿ ಹೊರಬೀಳದು.

1974ರಲ್ಲಿ ಹೆಪ್ನರ್ ಮತ್ತು ವೆಸೆಲ್ ಎಂಬವರು ಮೂತ್ರವನ್ನು ಬಿಟ್ಟು ನಿಶ್ವಾಸವನ್ನು ಆಶ್ರಯಿಸಿದರು. ವಿಕಿರಣಶೀಲ ಇಂಗಾಲವನ್ನು ಸೇರಿಸಿದ ಅಮಿನೋಪೈರೀನ್ ಔಷಧವನ್ನು ಕೊಟ್ಟು, ಆ ಇಂಗಾಲವು ಉಸಿರಿನಲ್ಲಿ ಎಷ್ಟು ಬರುವುದೆಂದು ಅಳೆದರು. ಯಕೃತ್ತಿನಲ್ಲಿ ಅದನ್ನು ಕಳಚುವುದು ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಣ. ನಮ್ಮ ರಾಜಾಜಿನಗರಕ್ಕೆ ದೂರವಲ್ಲದ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಪದ್ಮನಾಭನ್ ಅವರು ಈ ಕಿಣ್ವಗಳನ್ನೇ ಇಲಿಗಳ ಯಕೃತ್ತಿನಲ್ಲಿ ಪರಿಶೀಲಿಸಿದರು. ರಕ್ತಕ್ಕೆ ಕೆಂಪನ್ನು ಕೊಡುವ ಹೀಮ್ ಎಂಬ ವಸ್ತುವೇ ಇವುಗಳ ಉತ್ಪತ್ತಿಯನ್ನೂ ನಿಯಮಿಸುವುದೆಂಬುದು ಅವರ ಸಂಶೋಧನೆಯ ಸಾರ.

ಆದರೆ ಒಂದು ಕರ್ಮವು ಕುಂದಿತೆಂದು ಸಮಸ್ತ ಕರ್ಮಗಳೂ ಕುಂದಿದುವೆನ್ನಲಾಗದು. ಸಿರೋಸಿಸ್ ರೋಗದಲ್ಲಿ ಪಿ-450ರ ಶಕ್ತಿಯು ಇಳಿದಮೇಲೂ, ಔಷಧವನ್ನು ಗ್ಲೂಕುರೋನಿಕ್ ಆಮ್ಲದೊಡನೆ ಸಂಯೋಜಿಸುವ ಶಕ್ತಿಯು ಬಹುಮಟ್ಟಿಗೆ ಉಳಿದಿರಬಹುದು. ಆದಕಾರಣ ಡಯಾಜೆಪಾಮ್ ಎಂಬ ಶಾಮಕೌಷಧವು ಅಂಥ ರೋಗಿಯಲ್ಲಿ ದೀರ್ಘಕಾಲ ನಿಲ್ಲುವುದು. ಅದೇ ವರ್ಗದ ಲೊರಾಜೆಪಾಮ್ ಅಷ್ಟಾಗಿ ನಿಲ್ಲದು. ಇಂದು ವೈದ್ಯರು ಹೆಚ್ಚಾಗಿ ಅವಲಂಬಿಸುವುದು ಚೈಲ್ಡ್ ಮತ್ತು ಪ್ಯೂ ಅವರ ಹೆಸರಿನ, 1973ರಲ್ಲಿ ಪರಿಷ್ಕೃತವಾದ ಐದು ಲಕ್ಷಣಗಳ ಗಣನೆಯನ್ನು. ಅದು ರೋಗದ ತೀವ್ರತೆಯನ್ನು ತಿಳಿಸುವುದಲ್ಲದೆ ಪ್ರತಿಯೊಂದು ಔಷಧದ ಮಾತ್ರೆಯನ್ನೂ ನಿರ್ಣಯಿಸಿಕೊಡದು. ಒಬ್ಬನಿಗೆ ಅಮೃತವಾದ ಮಾತ್ರೆಯೇ ಇನ್ನೊಬ್ಬನಿಗೆ ವಿಷವಾಗಬಲ್ಲುದಾದ್ದರಿಂದ, ಯಾವ ಕರ್ಮವನ್ನು ಅಳೆದೆವೆಂಬುದನ್ನು ಮರೆಯದೆ ಅನುಮಾನಿಸುವುದೇ ಇಲ್ಲಿ ಪ್ರಾಣರಕ್ಷಕವಾದ ವಿವೇಕ.