ಕೂಟಲೇಖವೂ ರಾಷ್ಟ್ರಶೀಲವೂ

ಶ್ರಾವಕನ ಸತ್ಯಾಣುವ್ರತವನ್ನು ನಿರೂಪಿಸುವಾಗ ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಸಂಗತಿಗಳನ್ನು ಒಟ್ಟಿಗೆ ಇರಿಸಿದ್ದಾರೆ. ಸ್ಥೂಲವಾದ ಅಸತ್ಯವನ್ನು ತಾನು ನುಡಿಯಲಾಗದು; ಪರರಿಂದ ನುಡಿಸಲಾಗದು; ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಲಾಗದು. ಪ್ರವಚನಗಳಲ್ಲಿ ಮೊದಲನೆಯದೂ ಕೊನೆಯದೂ ಆಗಾಗ ಕೇಳಿಬರುತ್ತವೆ. ನಡುವಿನದರ ಚರ್ಚೆ ವಿರಳ. ಆದರೆ ಜನರನ್ನು ಆಳುವವರಿಗೆ ಮುಖ್ಯವಾಗಿ ಅನ್ವಯಿಸುವುದು ಅದೇ.

‘ಪೊಲಿಟಿಕಲ್ ಕರೆಕ್ಟ್‌ನೆಸ್’ ಎಂಬ ನುಡಿಗಟ್ಟು 1980ರ ದಶಕದ ಕೊನೆಯಿಂದೀಚೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ವಾದವಿವಾದಗಳ ಮೂಲಕ ಲೋಕಪ್ರಸಿದ್ಧವಾಯಿತು. ವರ್ಣವನ್ನೋ ಅಂಗವೈಕಲ್ಯವನ್ನೋ ಹಿಡಿದು ಇತರರನ್ನು ನೋಯಿಸುವ ಮಾತುಗಳನ್ನು ಬಿಡಬೇಕೆಂಬುದಷ್ಟೇ ಅದರ ಆಶಯವಾದರೆ ಜೈನರಿಗೆ ಅದರಲ್ಲಿ ಹೊಸದೇನೂ ಇಲ್ಲ. ಹಿತ-ಮಿತ-ಪ್ರಿಯ ವಚನವನ್ನು ಭಾಷಾಸಮಿತಿ ಎಂದೋ ಬೋಧಿಸಿದೆ. ಆದರೆ ಆ ನುಡಿಗೆ ಕಮ್ಯುನಿಸ್ಟ್ ವಲಯಗಳಲ್ಲಿ ಇನ್ನೂ ಹಳೆಯದಾದ ಅರ್ಥವೊಂದಿತ್ತು. ಪಕ್ಷದ ‘ಸರಿಯಾದ ಮಾರ್ಗ’ಕ್ಕೆ ಒಪ್ಪುವ ಮಾತೇ ಸರಿಯಾದ ಮಾತು, ವಸ್ತುಸ್ಥಿತಿ ಹೇಗಿದೆ ಎಂಬುದು ಆಮೇಲಿನ ಪ್ರಶ್ನೆ. ಈ ನಿಯಮವು ಒಂದು ಜನಾಂಗದ ಶೀಲವನ್ನು ಯಾವ ಸ್ಥಿತಿಗೆ ತರಬಲ್ಲುದೆಂಬುದಕ್ಕೆ 1957ರಿಂದ 1961ರವರೆಗಿನ ಚೀನಾದ ಇತಿಹಾಸವೇ ಸಾಕ್ಷಿ.

1957ರ ವಸಂತದಲ್ಲಿ ಮಾವೋ ತ್ಸೆ-ತುಂಗ್ ಅವರು ಪಕ್ಷದ ದೋಷಗಳನ್ನು ಮುಕ್ತವಾಗಿ ಹೇಳಿರೆಂದು ವಿದ್ಯಾವಂತರನ್ನು ಆಹ್ವಾನಿಸಿದರು. ಹೇಳಿದವರಿಗೆ ಕೆಲವೇ ತಿಂಗಳುಗಳಲ್ಲಿ ‘ಬಲಪಂಥೀಯ’ರೆಂಬ ಹಣೆಪಟ್ಟಿ ಬಿತ್ತು. ಹಾಗೆ ಗುರುತಿಸಲ್ಪಟ್ಟವರು ಸುಮಾರು 5,50,000 ಮಂದಿ. ಉಳಿದವರು ಪಾಠ ಕಲಿತರು.

ಮರುವರ್ಷ ‘ಮಹಾ ಮುನ್ನೆಗೆತ’ ಆರಂಭವಾಯಿತು. ಅಧಿಕ ಇಳುವರಿಯ ವರದಿಗಳಿಗೆ ಪ್ರಶಂಸೆ. ನಿಜವಾದ ಇಳುವರಿಯನ್ನು ಬರೆದ ಅಧಿಕಾರಿಗೆ ‘ಬಿಳಿಯ ಬಾವುಟ’ವೆಂಬ ನಿಂದೆ. 1958ರ ಸೆಪ್ಟೆಂಬರಿನಲ್ಲಿ ಗ್ವಾಂಗ್‌ಶಿ ಪ್ರಾಂತದ ಹುವಾನ್‌ಜಿಯಾಂಗ್ ಎಂಬಲ್ಲಿ ಒಂದು ಮು ನೆಲದಲ್ಲಿ 1,30,434 ಜಿನ್ ಭತ್ತ ಬೆಳೆಯಿತೆಂದು ಪಕ್ಷದ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಮು ಎಂದರೆ ನಮ್ಮ ಆರೂವರೆ ಗುಂಟೆ. ಒಂದು ಜಿನ್ ಎಂದರೆ ಅರ್ಧ ಕಿಲೋ. ಅಂದರೆ ಆರೂವರೆ ಗುಂಟೆಯಲ್ಲಿ 652 ಕ್ವಿಂಟಾಲು! ಅಂದು ಆ ದೇಶದಲ್ಲಿ ಅಷ್ಟು ನೆಲದ ಸರಾಸರಿ ಬೆಳೆ ಎರಡು ಕ್ವಿಂಟಾಲಿನ ಆಸುಪಾಸು. ಹಲವು ಗದ್ದೆಗಳ ಬಲಿತ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತಾಗಿ ನಿಲ್ಲಿಸಿ ಇಂತಹ ದಾಖಲೆಗಳನ್ನು ಸೃಷ್ಟಿಸುತ್ತಿದ್ದರು. ಬೇಸಾಯ ಬಲ್ಲ ಕೋಟ್ಯಂತರ ಜನರಿಗೆ ಇದು ಸುಳ್ಳೆಂದು ತಿಳಿಯದೆ ಇರಲು ಸಾಧ್ಯವಿಲ್ಲ. ಆದರೂ ಸಭೆಗಳಲ್ಲಿ ಚಪ್ಪಾಳೆ ಬಿದ್ದಿತು.

ತತ್ತ್ವಾರ್ಥಸೂತ್ರವು ಸತ್ಯವ್ರತದ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು ಹೆಸರಿಸುತ್ತದೆ. ದಾಸ್ತಾನಿನಲ್ಲಿ ಇಲ್ಲದ ಮಾಲನ್ನು ಕಿರ್ದಿಯಲ್ಲಿ ಜಮಾ ಬರೆದ ಗುಮಾಸ್ತನಿಗೆ ಒಂದು ದಿನ ಅದನ್ನು ತೂಗಿ ಕೊಡಬೇಕಾದ ಸಂದರ್ಭ ಬರುತ್ತದೆಂಬುದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತು. ಚೀನಾದಲ್ಲಿ ಬರೆದವರು ಅಧಿಕಾರಿಗಳು. ತೂಗಿ ಕೊಡಬೇಕಾದವರು ರೈತರು. 1958ರ ಧಾನ್ಯದ ಬೆಳೆ 37.5 ಕೋಟಿ ಟನ್ನೆಂದು ಘೋಷಿಸಲಾಯಿತು. ಮರುವರ್ಷ ಅದನ್ನು 25 ಕೋಟಿಗೆ ಇಳಿಸಲಾಯಿತು. ವಾಸ್ತವದಲ್ಲಿ ಬೆಳೆದದ್ದು 20 ಕೋಟಿ.

ಇದನ್ನು ತಿದ್ದಲು ಒಂದು ಅವಕಾಶವಿತ್ತು. 1959ರ ಜುಲೈ 14ರಂದು ಲುಶಾನ್ ಸಭೆಯ ಕಾಲದಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಅವರು ಮಾವೋ ಅವರಿಗೆ ಖಾಸಗಿಯಾಗಿ ಪತ್ರ ಬರೆದು, ಸಾಧನೆಗಳನ್ನು ಮೊದಲು ಹೊಗಳಿ, ಅನಂತರ ಉತ್ಪ್ರೇಕ್ಷೆಯ ಚಾಳಿಯನ್ನು ಎತ್ತಿ ತೋರಿಸಿದರು. ಮಾತಿನಲ್ಲಿ ಮಿತವೂ ಹಿತವೂ ಇದ್ದ ಪತ್ರವದು. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಯಲ್ಲಿ ಹಂಚಿ, ಬಳಿಕ ಖಂಡಿಸಿದರು. ಸಚಿವರು ಪದವಿ ಕಳೆದುಕೊಂಡರು. ಆ ಸಭೆಯಲ್ಲಿ ಮೌನವಾಗಿದ್ದ ಹಿರಿಯರು ಸಮಂತಭದ್ರರ ಮೂರನೆಯ ಮಾತಿನ ಆಸರೆ ಪಡೆಯುವಂತಿರಲಿಲ್ಲ. ಆಚಾರ್ಯರು ವಿನಾಯಿತಿ ಕೊಟ್ಟದ್ದು ಪರರ ವಿಪತ್ತಿಗೆ; ತನ್ನ ಪದವಿಯ ವಿಪತ್ತಿಗಲ್ಲ.

1959ರಲ್ಲಿ ಬೆಳೆ 17 ಕೋಟಿ ಟನ್ನಿಗೆ ಕುಸಿಯಿತು. ಸರಕಾರದ ಸಂಗ್ರಹಣೆ ಮಾತ್ರ ಏರಿ 6.7 ಕೋಟಿ ಟನ್ನಾಯಿತು. 40 ಲಕ್ಷ ಟನ್ನಿಗೂ ಹೆಚ್ಚು ಧಾನ್ಯ ವಿದೇಶಗಳಿಗೆ ರಫ್ತಾಯಿತು. ಕಾಗದದ ಮೇಲಿದ್ದ ಧಾನ್ಯ ಮನೆಗಳಲ್ಲಿ ಸಿಗದಾಗ ರೈತರು ಬಚ್ಚಿಟ್ಟಿದ್ದಾರೆಂದು ಶಂಕಿಸಿ ಹಿಂಸಿಸಲಾಯಿತು. ಹೆನಾನ್ ಪ್ರಾಂತದ ಶಿನ್‌ಯಾಂಗ್ ಪ್ರದೇಶದಲ್ಲಿ ಹಸಿವಿನ ಸುದ್ದಿ ಹೊತ್ತ ಸಾವಿರಾರು ಕಾಗದಗಳನ್ನು ಅಂಚೆಕಚೇರಿಯಲ್ಲಿಯೇ ತಡೆಹಿಡಿದರು. ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ಸತ್ತವರ ಲೆಕ್ಕಕ್ಕಿಂತ ಭಿನ್ನವಾದ ನಷ್ಟವೊಂದನ್ನು ಯಾಂಗ್ ಜಿಶೆಂಗ್ ಎಂಬ ಪತ್ರಕರ್ತರ ಜೀವನದಲ್ಲಿ ಕಾಣಬಹುದು. 1959ರಲ್ಲಿ ಹುಬೆ ಪ್ರಾಂತದ ಹಳ್ಳಿಯಲ್ಲಿ ಅವರ ತಂದೆ ಹಸಿವಿನಿಂದ ತೀರಿಕೊಂಡಾಗ ಅವರಿನ್ನೂ ವಿದ್ಯಾರ್ಥಿ. ಮುನ್ನೆಗೆತದ ಗುಣಗಾನ ಮಾಡುತ್ತಿದ್ದ ಪಕ್ಷನಿಷ್ಠ ತರುಣ. ತಂದೆಯ ಶವದ ಮುಂದೆಯೂ ಸರಕಾರದ ಮೇಲೆ ಅವರಿಗೆ ಸಂಶಯ ಹುಟ್ಟಲಿಲ್ಲ. ಅದು ತಮ್ಮ ಮನೆಯೊಂದರದೇ ದುರದೃಷ್ಟವೆಂದು ಭಾವಿಸಿದರು. ಕೋಟಿಗಟ್ಟಲೆ ಮನೆಗಳು ಹೀಗೆಯೇ ಭಾವಿಸುವಂತಾಗಿತ್ತು. ದಶಕಗಳ ಬಳಿಕ ಅವರು ಪ್ರಾಂತಗಳ ದಫ್ತರಗಳನ್ನು ಶೋಧಿಸಿ, ಮೃತರ ಸಂಖ್ಯೆ 3.6 ಕೋಟಿ ಎಂದು ಅಂದಾಜು ಮಾಡಿ ಗ್ರಂಥ ಬರೆದರು. ಅದಕ್ಕೆ ಇಟ್ಟ ಹೆಸರು ‘ಸಮಾಧಿಶಿಲೆ’. 2008ರಲ್ಲಿ ಅದು ಹಾಂಗ್‌ಕಾಂಗ್‌ನಲ್ಲಿ ಪ್ರಕಟವಾಯಿತು. ಚೀನಾದ ಮುಖ್ಯಭೂಮಿಯಲ್ಲಿ ಅದನ್ನು ನಿಷೇಧಿಸಲಾಯಿತು.